ಕಿಡಿ ಯಾವ ಬಣ್ಣ?

ಎಡಗಡೆಯ ಲಿವರನ್ನು ಎಂಜಿನ್ ಕಡೆಗೆ ಒತ್ತಿ, ಹಿಂದಕ್ಕೆ ತಿರುಗಿಸಿ ಮೇಲೆತ್ತುತ್ತೀರಿ. ಗೇರ್ ಲಿವರ್ ಆಗಿದ್ದದ್ದು ಈಗ ಕಿಕ್ಕರ್. ಒಂದೇ ಲಿವರಿಗೆ ಎರಡು ಕೆಲಸ. ಜಾವಾ ಓಡಿಸಿದವರಿಗೆ ಇದನ್ನು ಹೇಳಬೇಕಿಲ್ಲ, ಓಡಿಸದವರಿಗೆ ಹೇಳಿದರೂ ಕಾಲಿಗೆ ಬೇಗ ಹತ್ತುವುದಿಲ್ಲ. ಮೈಭಾರವನ್ನೆಲ್ಲ ಹಾಕಿ ಒದೆಯುತ್ತೀರಿ. ಒಳಗೆ ಪಿಸ್ಟನ್ ಏರಿ ಇಳಿದದ್ದು ಪಾದಕ್ಕೆ ತಿಳಿಯುತ್ತದೆ. ಎರಡೂ ಸೈಲೆನ್ಸರ್‌ಗಳಿಂದ ಬರುವುದು ಹೊಗೆಯಲ್ಲ, ಬರಿಯ ಗಾಳಿ. ಇನ್ನೊಮ್ಮೆ. ಮತ್ತೂ ಒಮ್ಮೆ. ಹಿತ್ತಿಲ ತುಂಬ ಪೆಟ್ರೋಲ್ ವಾಸನೆ.

ನಂಜನಗೂಡಿನಲ್ಲಿ ಬೆಳಗಿನ ಏಳು ಗಂಟೆ. ದೊಡ್ಡ ಜಾತ್ರೆ ಹತ್ತಿರ ಬಂದಿದೆ. ಪಕ್ಕದ ರಥಬೀದಿಯಲ್ಲಿ ಐದು ತೇರುಗಳನ್ನು ಸಜ್ಜು ಮಾಡುತ್ತಿರುವ ಸುತ್ತಿಗೆ ಸದ್ದು ಗೋಡೆ ದಾಟಿ ಬರುತ್ತಿದೆ. ಕಪಿಲೆಯಲ್ಲಿ ಮಿಂದು ಶ್ರೀಕಂಠೇಶ್ವರನ ದರ್ಶನಕ್ಕೆ ಹೋಗುವವರು ಒದ್ದೆ ಬಟ್ಟೆಯಲ್ಲೇ ಓಣಿ ಹಾಯುತ್ತಾ ನಿಮ್ಮ ಕಡೆಗೊಮ್ಮೆ ನೋಡುತ್ತಾರೆ. ನೀವು ಹೊರಟಿರುವುದು ತಿ. ನರಸೀಪುರಕ್ಕೆ. ಅಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಸ್ಟಾರ್ಟ್ ಆಗದೆ ನಿಂತಿದೆ. ಅದನ್ನು ನೋಡಲು ಮೇಸ್ತ್ರಿಯನ್ನು ಕರೆದೊಯ್ಯಬೇಕು. ಕರೆದೊಯ್ಯಬೇಕಾದ ಗಾಡಿಯೇ ಈಗ ಮುನಿಸಿಕೊಂಡಿದೆ.

"ಒದೀಬ್ಯಾಡ ಕಣಪ್ಪಾ, ನಿಲ್ಸು. ವಾಸ್ನೆ ಬೀದಿಗಂಟ ಬತ್ತಾ ಅದೆ."

ಹಿತ್ತಿಲ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದಾರೆ. ಬಾಯಿಗಿಡಲು ತೆಗೆದ ಬೀಡಿಯನ್ನು ವಾಸನೆ ಬಡಿದ ಕೂಡಲೇ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದಾರೆ. ಕೈಯಲ್ಲಿ ಒಂದು ತಗಡಿನ ಡಬ್ಬಿ. ಗಾಡಿಯನ್ನು ಮುಟ್ಟುವ ಮೊದಲು ಅವರು ಕೇಳುವುದು ಮೂರು ಮಾತು. ಕೊನೇ ಸಲ ಓಡಿದ್ದು ಯಾವಾಗ? ನಿಂತದ್ದು ತಾನಾಗಿಯೋ, ನೀವು ನಿಲ್ಲಿಸಿದ್ದೋ? ಆಮೇಲೆ ಏನಾದರೂ ಬಿಚ್ಚಿದ್ದೀರಾ? ಮಳೆಗಾಲ ಮುಗಿದಾಗಿನಿಂದ ಮೂಲೆಯಲ್ಲೇ ಇತ್ತು, ನಿಲ್ಲಿಸಿದ್ದು ನಾವೇ, ಏನೂ ಬಿಚ್ಚಿಲ್ಲ ಎನ್ನುತ್ತೀರಿ. ಕೊನೆಯ ಉತ್ತರ ಅವರಿಗೆ ಹಿಡಿಸುತ್ತದೆ. "ಬಿಚ್ದೇ ಇದ್ರೆ ಅರ್ಧ ಕೆಲ್ಸ ಆದಂಗೆ."

ಬಿಚ್ಚದ ಗಾಡಿಗೆ ಇಷ್ಟು ಮರ್ಯಾದೆ ಯಾಕೆಂದರೆ, ಇದರ ಬಿಡಿಭಾಗ ಹುಟ್ಟುತ್ತಿದ್ದ ಕಾರ್ಖಾನೆ ಈಗಿಲ್ಲ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಪ್ರಾಗ್‌ನಲ್ಲಿ ಶುರುಮಾಡಿದ ಜಾವಾ ಬೈಕು, ಇರಾನಿ ಕುಟುಂಬದ ರುಸ್ತುಂ ಮತ್ತು ಫಾರೂಕ್ ಅವರ ಐಡಿಯಲ್ ಜಾವಾ ಕಂಪನಿಯ ಮೂಲಕ ಮೈಸೂರಿಗೆ ಬಂತು. ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. 1961ರಿಂದ ಅಲ್ಲಿ ಬೈಕುಗಳು ತಯಾರಾದವು. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬಂದವು ನಿಜ. ಆದರೆ ಅವು ಫೋರ್ ಸ್ಟ್ರೋಕ್. ಅವುಗಳ ಸಾಮಾನು ನಿಮ್ಮ ಹಿತ್ತಿಲಿನ ಈ ಟೂ ಸ್ಟ್ರೋಕಿಗೆ ಬರುವುದಿಲ್ಲ. ಹಾಗಾಗಿ ಇಂಥ ಗಾಡಿಯ ಮೇಸ್ತ್ರಿಗಳು ಅಂದಾಜಿನ ಮೇಲೆ ಏನನ್ನೂ ಎಸೆಯುವುದಿಲ್ಲ. ತಪ್ಪು ರುಜುವಾತಾಗದೆ ಯಾವ ಭಾಗವನ್ನೂ ಹೊರಗೆ ಕಳಿಸುವುದಿಲ್ಲ.

ಮೊದಲು ಪೆಟ್ರೋಲ್ ಕಾಕ್ ಬಂದ್. ಆಮೇಲೆ ಪ್ಲಗ್ ಕ್ಯಾಪ್ ಎಳೆದು, ಸ್ಪ್ಯಾನರ್ ಕೊಟ್ಟು ಪ್ಲಗ್ ಬಿಚ್ಚುತ್ತಾರೆ. ಅಂಗೈ ಮೇಲೆ ಇಟ್ಟು ನಿಮ್ಮತ್ತ ಹಿಡಿಯುತ್ತಾರೆ. ತುದಿ ಕಪ್ಪಗೆ, ತೊಯ್ದು ಹೊಳೆಯುತ್ತಿದೆ.

"ಹಸಿ ಸೌದೆಗೆ ಬೆಂಕಿ ಹತ್ತದಾ? ಇದೂ ಹಂಗೇಯ."

ಪ್ಲಗ್ ಒಣಗಿಸಿ ಹಾಕಿದರೆ ಸಾಲದೆ ಎನ್ನುತ್ತೀರಿ. ಸಾಲದು. ಜಾವಾದ 250 ಸಿಸಿ ಎಂಜಿನ್ನಿನಲ್ಲಿ ವಾಲ್ವ್ ಎಂಬುದೇ ಇಲ್ಲ. 65 ಮಿಲಿಮೀಟರ್ ಅಗಲದ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. 75 ಮಿಲಿಮೀಟರ್ ಏರಿಳಿಯುವ ಪಿಸ್ಟನ್ನೇ ಅವನ್ನು ಮುಚ್ಚಿ ತೆರೆಯುತ್ತದೆ. ಪೆಟ್ರೋಲು ಗಾಳಿಯ ಮಿಶ್ರಣ ಮೊದಲು ಹೋಗುವುದು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸಿಗೆ, ಅಲ್ಲಿಂದ ಮೇಲಕ್ಕೆ. ಅತಿಯಾಗಿ ಇಳಿದ ಪೆಟ್ರೋಲು ಆ ತಳದಲ್ಲೇ ನಿಂತಿರುತ್ತದೆ. ಮೇಲಿನ ಪ್ಲಗ್ ಎಷ್ಟು ಒರೆಸಿದರೂ ಮುಂದಿನ ಒದೆತಕ್ಕೆ ಕೆಳಗಿನಿಂದ ಬಂದು ಮತ್ತೆ ತೋಯಿಸುತ್ತದೆ.

    

"ಆಕ್ಸಿಲರೇಟರ್ ಪೂರ್ತಿ ತಿರುವಿ ಹಿಡ್ಕೊ. ಈಗ ಒದಿ."

ಒದೆಯುತ್ತೀರಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲಿನ ಮಂಜು ಬುಸ್ಸೆಂದು ಏಳುತ್ತದೆ. ಒದ್ದಂತೆಲ್ಲ ಮಂಜು ತೆಳುವಾಗುತ್ತಾ ಬಂದು ಕೊನೆಗೆ ಬರಿಯ ಗಾಳಿ. ಆಗ ಮೇಸ್ತ್ರಿ ತೂತಿಗೆ ಹೆಬ್ಬೆರಳೊತ್ತಿ "ಒಂದ್ಸಲ" ಎನ್ನುತ್ತಾರೆ. ಒತ್ತಿದ ಹೆಬ್ಬೆರಳು ಟಪ್ ಎಂದು ಹಾರುತ್ತದೆ. ಕಂಪ್ರೆಷನ್ ಗಟ್ಟಿಯಾಗಿದೆ. ಪಿಸ್ಟನ್, ರಿಂಗ್, ಬೋರ್ ಮೂರೂ ಈ ಕೇಸಿನಿಂದ ಖುಲಾಸೆ.

ಉಳಿದದ್ದು ಪೆಟ್ರೋಲು ಮತ್ತು ಕಿಡಿ. ಕಾರ್ಬುರೇಟರಿನ ಫ್ಲೋಟ್ ಬಟ್ಟಲಲ್ಲಿ ಇದ್ದದ್ದನ್ನು ಒಂದು ಸ್ಟೀಲ್ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿಯುತ್ತಾರೆ. ಲೀಟರಿಗೆ 40 ಮಿಲಿಯಂತೆ ಬೆರೆಸಿದ ಟೂ-ಟಿ ಆಯಿಲಿನಿಂದ ಪೆಟ್ರೋಲಿಗೆ ಬಣ್ಣ ಬಂದಿದೆ. ತಟ್ಟೆಯನ್ನು ಓರೆ ಮಾಡಿದಾಗ ಅದರ ಕೆಳಗೆ ಬಣ್ಣವಿಲ್ಲದ ಹನಿಗಳು, ಬೇರೆಯೇ ದಾರಿ ಹಿಡಿದು ಉರುಳುತ್ತವೆ. ನೀರು.

ಟ್ಯಾಂಕಿಗೆ ನೀರು ಹೇಗೆ ಬಂತು? ಹೊರಗೆ ರಸ್ತೆಯಲ್ಲಿ ಕಬ್ಬು ಹೇರಿದ ಲಾರಿಯೊಂದು ಅಳಗಂಚಿಯ ಸಕ್ಕರೆ ಕಾರ್ಖಾನೆಯ ಕಡೆ ಏದುತ್ತಾ ಹೋಗುತ್ತಿದೆ. ಉತ್ತರದ ಒಂದು ತುದಿ ಆ ಕಬ್ಬಿನಲ್ಲೇ ಇದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ-20 ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್. ಅದನ್ನು ತೆಗೆಯುವುದು ಕಬ್ಬಿನಿಂದ, ಧಾನ್ಯದಿಂದ. ಎಥೆನಾಲಿಗೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣ. ದಿನಾ ಓಡುವ ಗಾಡಿಯಲ್ಲಿ ಆ ತೇವ ಪೆಟ್ರೋಲಿನ ಜೊತೆಗೇ ಉರಿದುಹೋಗುತ್ತದೆ. ಅರ್ಧ ಖಾಲಿ ಟ್ಯಾಂಕಿನೊಡನೆ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ, ತೇವ ಒಂದು ಮಿತಿ ಮೀರಿದ ಮೇಲೆ ನೀರೂ ಎಥೆನಾಲೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾರ್ಬುರೇಟರಿಗೆ ಹೋಗುವ ಪೈಪಿನ ಬಾಯಿ ಇರುವುದೂ ತಳದಲ್ಲೇ.

ಟ್ಯಾಂಕ್ ಬಸಿದು, ಜೆಟ್ಟಿನ ತೂತನ್ನು ಬಾಯಿಯಿಂದ ಊದಿ, ಹೊಸ ಪೆಟ್ರೋಲ್ ಬೆರೆಸಿ ಹಾಕಿದ್ದಾಯಿತು. ಇನ್ನು ಕಿಡಿ. ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ ಎಂಜಿನ್ನಿನ ಲೋಹಕ್ಕೆ ತಾಗಿಸುತ್ತಾರೆ, ತೂತಿನಿಂದ ದೂರ. ಅಲ್ಲಿ ಇನ್ನೂ ಆವಿ ಇದೆ. ಹೆಡ್‌ಲೈಟಿನ ಮೇಲಿನ ಸ್ವಿಚ್ಚಿಗೆ ಹಲ್ಲಿಲ್ಲದ ಆ ಕೀ ಒತ್ತುತ್ತೀರಿ. ಹಾರ್ನ್ ಒಮ್ಮೆ ಕೂಗಿ ಆರು ವೋಲ್ಟಿನ ಬ್ಯಾಟರಿ ಬದುಕಿದೆ ಎಂದು ತೋರಿಸುತ್ತದೆ. ಮೇಸ್ತ್ರಿ ತಮ್ಮ ಟವೆಲಿನಿಂದ ನೆರಳು ಮಾಡಿ ಬಗ್ಗುತ್ತಾರೆ. ನೀವು ಮೆಲ್ಲಗೆ ಒದೆಯುತ್ತೀರಿ.

"ಯಾವ ಬಣ್ಣ?"

ಹಳದಿ ಎನ್ನುತ್ತೀರಿ. ಸ್ವಲ್ಪ ಕೆಂಪೂ ಇದೆ.

"ನೀಲಿ ಇರ್ಬೇಕು. ಚಟ್ ಅಂತ ಸದ್ದು ಬರ್ಬೇಕು."

ಬಲಗಡೆಯ ಕವರ್ ಬಿಚ್ಚಿದರೆ ಡೈನಮೋ, ಅದರ ಮುಖದ ಮೇಲೆ ಸಿ.ಬಿ. ಪಾಯಿಂಟ್, ಪಕ್ಕದಲ್ಲೇ ಕಿರುಬೆರಳು ಗಾತ್ರದ ಕಂಡೆನ್ಸರ್. ಪಾಯಿಂಟುಗಳ ಮುಖಕ್ಕೆ ಕಪ್ಪು ಹಿಡಿದಿದೆ. ಒಂದರಲ್ಲಿ ಗುಳಿ, ಎದುರಿನದರಲ್ಲಿ ಗುಬುಟು. ತೆಳ್ಳನೆಯ ಅರ ಆಡಿಸಿ ಮಟ್ಟ ಮಾಡಿ, ಪೆಟ್ರೋಲಿನ ಬಟ್ಟೆಯಿಂದ ಒರೆಸಿ, ಫೀಲರ್ ಗೇಜಿನ 0.4 ಮಿಲಿಮೀಟರಿನ ಎಲೆ ತೂರಿಸಿ ಸಂದನ್ನು ಸರಿಪಡಿಸುತ್ತಾರೆ. ಮತ್ತೆ ಕಿಡಿ ನೋಡಿದರೆ ಮೊದಲಿಗಿಂತ ಬಲವಿದೆ, ಹಳದಿ ಮಾತ್ರ ಪೂರ್ತಿ ಹೋಗಿಲ್ಲ.

ಕಂಡೆನ್ಸರ್ ಬದಲಾಯಿಸಿಬಿಡೋಣ ಎನ್ನುತ್ತೀರಿ. ತಗಡಿನ ಡಬ್ಬಿಯಲ್ಲಿ ಆಟೋರಿಕ್ಷಾದಿಂದ ಬಿಚ್ಚಿದ ಹಳೆಯದೊಂದು ಇರುವುದನ್ನು ಆಗಲೇ ನೋಡಿದ್ದೀರಿ.

"ಅನುಮಾನ ಅದೆ, ಸಾಬೀತಿಲ್ಲ. ಒಂದ್ಸಲಕ್ಕೆ ಒಂದೇ ಮಾಡ್ಬೇಕು. ಎರಡು ಒಟ್ಗೆ ಮಾಡಿದ್ರೆ ಯಾವ್ದ್ರಿಂದ ಸರಿ ಹೋಯ್ತು ಅಂತ ಯಾರ್ಗೆ ಗೊತ್ತಾಯ್ತದೆ?"

ಪ್ಲಗ್ ಕೂರಿಸುತ್ತಾರೆ. ಕಾಕ್ ಬಿಟ್ಟು, ಕಾರ್ಬುರೇಟರಿನ ಟಿಕ್ಲರ್ ಗುಂಡಿಯನ್ನು ಒತ್ತುತ್ತಾರೆ, ಹನಿ ತೋರಿದ ಕೂಡಲೇ ಬೆರಳು ತೆಗೆಯುತ್ತಾರೆ. ಈ ಸಲದ ಒದೆತಕ್ಕೆ ಒಂದು ಕೆಮ್ಮು. ಮುಂದಿನದಕ್ಕೆ ಎರಡೂ ಸೈಲೆನ್ಸರ್‌ಗಳಿಂದ ದಪ್ಪ ಹೊಗೆ, ಆಮೇಲೆ ಜಾವಾಕ್ಕೇ ಇರುವ ಆ ಡಗ್ ಡಗ್ ಡಗ್. ಮೇಸ್ತ್ರಿ ಗಾಡಿ ಏರಿ ಪರೀಕ್ಷೆಗೆಂದು ಹೋಗುತ್ತಾರೆ. ಸದ್ದು ಮೈಸೂರು ರಸ್ತೆಯ ಕಡೆ, ದಳವಾಯಿ ದೇವರಾಜ 1735ರಲ್ಲಿ ಕಪಿಲೆಗೆ ಕಟ್ಟಿಸಿದ ಹಳೇ ಸೇತುವೆಯ ತನಕ ಹೋಗಿ, ಅಲ್ಲಿ ತಿರುಗಿ, ಮತ್ತೆ ಹತ್ತಿರವಾಗುತ್ತದೆ. ಸದ್ದಿನಲ್ಲಿ ಎಲ್ಲೂ ತೊದಲಿಲ್ಲ. ಆದರೂ ಇಳಿಯುವಾಗ ಮೇಸ್ತ್ರಿಯ ಮುಖದಲ್ಲಿ ಸಮಾಧಾನವಿಲ್ಲ. "ಕಾವು ಏರ್ಲಿ, ಆಗ ಏಳ್ತೀನಿ."

ಬಿಸಿಲೇರಿದ ಮೇಲೆ ಹೊರಡುತ್ತೀರಿ. ಮೇಸ್ತ್ರಿ ಹಿಂದೆ ಕೂತಿದ್ದಾರೆ, ಡಬ್ಬಿ ತೊಡೆಯ ಮೇಲೆ. ಊರು ದಾಟಿದರೆ ಎರಡೂ ಬದಿ ಕಬಿನಿ ನಾಲೆಯ ನೀರುಂಡ ನೆಲ: ಕಟಾವಾದ ಗದ್ದೆ, ನಿಂತ ಕಬ್ಬು, ಬಾಳೆತೋಟ. ಗೇರ್ ಬದಲಿಸಲು ಕ್ಲಚ್ ಹಿಡಿಯಲೇಬೇಕೆಂದಿಲ್ಲ. ಲಿವರ್ ಒತ್ತಿದರೆ ಕ್ಲಚ್ಚು ತಾನೇ ಬಿಡುತ್ತದೆ. ಸುತ್ತೂರಿನ ಕಡೆ ಬರುವಷ್ಟರಲ್ಲಿ ಎಂಜಿನ್ನಿನ ಬಿಸಿ ಮೊಣಕಾಲಿಗೆ ಬಡಿಯುತ್ತಿದೆ. ಅಲ್ಲಿಂದ ಸ್ವಲ್ಪ ಮುಂದೆ ಒಂದು ಎಡವು. ಮತ್ತೊಂದು. ಸೈಲೆನ್ಸರಿನಲ್ಲಿ ಪಟ್ಟೆಂದು ಒಂದು ಸಿಡಿತ. ಎಂಜಿನ್ ಸತ್ತು, ಗಾಡಿ ಚೈನಿನ ಸದ್ದು ಮಾತ್ರ ಉಳಿಸಿಕೊಂಡು ಒಂದು ಹುಣಸೆಮರದ ಕೆಳಗೆ ಬಂದು ನಿಲ್ಲುತ್ತದೆ.

ಮೇಸ್ತ್ರಿ ಖುಷಿಯಾಗಿದ್ದಾರೆ. "ಬಿಸಿ ಇರೋವಾಗ್ಲೇ ನೋಡ್ಬೇಕು. ತಣ್ಣಗಾದ್ರೆ ಸುಳ್ಳು ಏಳ್ತದೆ. ಬಿರ್ನೆ."

ಬಿಸಿಯಾದ ಮೇಲೆ ನಿಲ್ಲುವ ಗಾಡಿಗೆ ಕಾರಣಗಳು ಹಲವು. ಪೆಟ್ರೋಲ್ ಪೈಪನ್ನು ಕಾರ್ಬುರೇಟರಿನಿಂದ ಎಳೆದು ನೋಡುತ್ತೀರಿ. ಧಾರೆ ಕಡಿಯದೆ ಬೀಳುತ್ತಿದೆ. ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಒಳಗೆಳೆದ ಸದ್ದಿಲ್ಲ, ಅಂದರೆ ಮುಚ್ಚಳದ ಸಣ್ಣ ತೂತು ಕಟ್ಟಿಲ್ಲ. ಪ್ಲಗ್ ಬಿಚ್ಚಿದರೆ ತುದಿ ಒಣಗಿದೆ, ಬಣ್ಣ ಕಂದು, ಹೀಗೇ ಇರಬೇಕು. ಇಲ್ಲಿಗೆ ಪೆಟ್ರೋಲೂ ಖುಲಾಸೆ.

ಪಾಯಿಂಟಿನ ಕವರ್ ಬಿಚ್ಚಿ, ಪ್ಲಗ್ಗನ್ನು ಲೋಹಕ್ಕೆ ತಾಗಿಸಿ, ಮತ್ತೆ ಅದೇ ಟವೆಲಿನ ನೆರಳು. ನೀವು ಕಿಕ್ಕರ್ ಒತ್ತುತ್ತೀರಿ. ಪ್ಲಗ್ಗಿನ ತುದಿಯಲ್ಲಿ ಕಂಡೂ ಕಾಣದಂಥ ಕೆಂಪು. ಅದೇ ಕ್ಷಣ ಪಾಯಿಂಟುಗಳ ನಡುವೆ ಫಳಾರನೆ ದೊಡ್ಡ ಕಿಡಿ ಹಾರುತ್ತದೆ.

"ಅಲ್ಲಿ ಬರಬೇಕಾದ್ದು ಇಲ್ಲಿ ಬತ್ತಾ ಅದೆ. ಇನ್ನೇನ್ ಸಾಕ್ಷಿ ಬೇಕು?"

ಪಾಯಿಂಟ್ ಮುಚ್ಚಿದ್ದಾಗ ಬ್ಯಾಟರಿಯ ಕರೆಂಟು ಕಾಯಿಲಿನಲ್ಲಿ ಹರಿದು ಕಾಂತಕ್ಷೇತ್ರ ಕಟ್ಟುತ್ತದೆ. ಪಾಯಿಂಟ್ ತೆರೆದ ಗಳಿಗೆಯಲ್ಲಿ ಆ ಕ್ಷೇತ್ರ ಒಮ್ಮೆಗೇ ಕುಸಿಯಬೇಕು. ಆಗಲೇ ಕಾಯಿಲಿನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುವುದು. ಕರೆಂಟು ಸುಲಭಕ್ಕೆ ನಿಲ್ಲುವುದಿಲ್ಲ. ತೆರೆಯುತ್ತಿರುವ ಪಾಯಿಂಟಿನ ಸಂದನ್ನೇ ಹಾರಿ ದಾಟಲು ನೋಡುತ್ತದೆ. ಆ ಕ್ಷಣದ ನುಗ್ಗನ್ನು ತನ್ನೊಳಗೆ ಹಿಡಿದುಕೊಳ್ಳುವುದು ಕಂಡೆನ್ಸರಿನ ಕೆಲಸ. ಅದರೊಳಗಿನ ಲೋಹದ ಹಾಳೆಗಳ ನಡುವಿನ ಪೊರೆ ಹಳತಾದರೆ, ತಣ್ಣಗಿದ್ದಾಗ ಹೇಗೋ ನಿಭಾಯಿಸಿ ಎಂಜಿನ್ ಕಾದ ಮೇಲೆ ಕೈಚೆಲ್ಲುತ್ತದೆ. ಆಗ ಪಾಯಿಂಟಿನಲ್ಲಿ ಬೆಂಕಿ, ಪ್ಲಗ್ಗಿನಲ್ಲಿ ಬಡತನ. ಬೆಳಗ್ಗೆ ಕಂಡ ಗುಳಿ ಮತ್ತು ಗುಬುಟು ಇದೇ ಬೆಂಕಿಯ ಗುರುತು.

ಈಗ ಡಬ್ಬಿ ತೆರೆಯುತ್ತದೆ. ಹಳೆಯ ಕಂಡೆನ್ಸರಿನ ವೈರು ಬಿಚ್ಚಿ ಪಕ್ಕಕ್ಕೆ ಮಡಿಸಿ, ಆಟೋದ ಕಂಡೆನ್ಸರನ್ನು ಡೈನಮೋದ ಬಿಸಿ ತಾಗದ ಹಾಗೆ ಹೊರಗೆ, ಫ್ರೇಮಿನ ಒಂದು ಬೋಲ್ಟಿಗೆ ಕಚ್ಚಿಸಿ ವೈರು ಎಳೆಯುತ್ತಾರೆ. ಅಳತೆಯಲ್ಲಿ ಅದು ಜಾವಾದ ಒರಿಜಿನಲ್ ಅಲ್ಲ, ಆದರೆ ಮಾಡುವ ಕೆಲಸ ಒಂದೇ. ಮತ್ತೆ ನೆರಳು, ಮತ್ತೆ ಒದೆತ. ಪಾಯಿಂಟಿನಲ್ಲಿ ಏನೂ ಇಲ್ಲ. ಪ್ಲಗ್ಗಿನಲ್ಲಿ ನೀಲಿ, ಚಟ್ ಎಂಬ ಸದ್ದಿನೊಡನೆ.

ಅಲ್ಲಿಂದ ನರಸೀಪುರದವರೆಗೆ ಎಂಜಿನ್ ಒಮ್ಮೆಯೂ ತಡವರಿಸುವುದಿಲ್ಲ. ಕಪಿಲೆ ಹೋಗಿ ಕಾವೇರಿಯನ್ನು ಸೇರುವ ಊರು; ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಇಲ್ಲಿ ತ್ರಿವೇಣಿ ಸಂಗಮ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವುದು ಇಲ್ಲೇ. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಹತ್ತಿರದ ಒಂದು ಮನೆಯ ಮುಂದೆ ರೋಡ್‌ಕಿಂಗ್ ಕಾಯುತ್ತಿದೆ, ಪಕ್ಕದಲ್ಲಿ ಅದರ ಯಜಮಾನ, ಕಾಲೇಜು ಈಗಷ್ಟೇ ಮುಗಿಸಿದ ಹುಡುಗ. ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ ದಿನಕ್ಕೆ ಇದನ್ನು ಓಡಿಸಿಕೊಂಡು ಹೋಗಬೇಕೆಂಬ ಆಸೆ ಅವನದು.

"ಎಲ್ಲಾ ಹೊಸಾದು ಹಾಕ್ಸಿದ್ದೀನಿ ಮೇಸ್ತ್ರಿ. ಪ್ಲಗ್ಗು, ಕಾಯಿಲ್ಲು, ಪಾಯಿಂಟು, ಕಂಡೆನ್ಸರ್ರು. ಆದ್ರೂ ಆಗ್ತಿಲ್ಲ."

"ಒಂದೊಂದಾಗಿ ಹಾಕ್ಸಿದ್ಯೋ, ಒಟ್ಗೋ?"

"ಒಟ್ಗೇ."

"ತೆಗ್ದಿದ್ದು ಎಲ್ಲವೆ?"

ಹುಡುಗ ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತರುತ್ತಾನೆ. ಎಸೆದಿಲ್ಲವಲ್ಲ ಎಂದು ಮೇಸ್ತ್ರಿ ತಲೆಯಾಡಿಸುತ್ತಾರೆ. ಶುರುವಿನಿಂದಲೇ ಶುರು. ಹೆಬ್ಬೆರಳು ಹಾರುತ್ತದೆ. ಫ್ಲೋಟ್ ಬಟ್ಟಲಿನದನ್ನು ತಟ್ಟೆಗೆ ಸುರಿದಾಗ ತಳದಲ್ಲಿ ಅವೇ ಬಣ್ಣವಿಲ್ಲದ ಹನಿಗಳು. ಈಗ ನಿಮಗೇ ಗೊತ್ತು. ಯಾರೂ ಹೇಳುವ ಮೊದಲೇ ಟ್ಯಾಂಕ್ ಬಸಿಯಲು ಡಬ್ಬ ಹುಡುಕುತ್ತೀರಿ. ಅದು ಮುಗಿದ ಮೇಲೆ ಪ್ಲಗ್ಗಿಗೆ ಟವೆಲಿನ ನೆರಳು ಹಿಡಿಯುವವರೂ ನೀವೇ. ಕೆಂಪು ಕಿಡಿ. ಪಾಯಿಂಟಿನಲ್ಲಿ ಫಳಾರ್. ಹೊಸ ಡಬ್ಬಿಯಿಂದ ಬಂದ ಹೊಸ ಕಂಡೆನ್ಸರ್ ಹುಟ್ಟಾ ಸತ್ತದ್ದು. ಮೇಸ್ತ್ರಿ ಅದನ್ನು ಬಿಚ್ಚಿ, ಚೀಲದಲ್ಲಿದ್ದ ಹಳೆಯದನ್ನು ತೆಗೆದು ಅದರ ಜಾಗದಲ್ಲೇ ಕೂರಿಸುತ್ತಾರೆ. ಕಿಡಿ ನೀಲಿಯಾಗುತ್ತದೆ.

ಅಂದರೆ ಮೊದಲಿಗೆ ಈ ಗಾಡಿಯಲ್ಲಿದ್ದ ತೊಂದರೆ ನೀರೊಂದೇ. ಕಿಡಿ ಸರಿಯಾಗಿತ್ತು. ಅದನ್ನು ಕೇಳದೆ ನಾಲ್ಕು ಸಾಮಾನು ಬದಲಿಸಿದ್ದರಿಂದ, ಇಲ್ಲದ ರೋಗವೊಂದನ್ನು ದುಡ್ಡು ಕೊಟ್ಟು ತಂದು ಹಾಕಿದ ಹಾಗಾಗಿತ್ತು.

ಪೆಟ್ರೋಲ್ ಬಿಟ್ಟು ಹುಡುಗ ಒದೆಯುತ್ತಾನೆ. ರೋಡ್‌ಕಿಂಗ್ ಬೀದಿಯ ನಾಯಿಗಳನ್ನು ಓಡಿಸುವಷ್ಟು ಜೋರಾಗಿ ಎದ್ದು ನಿಲ್ಲುತ್ತದೆ. ಹೊಗೆಯ ನಡುವೆ ಹುಡುಗ ಜೇಬಿಗೆ ಕೈ ಹಾಕುತ್ತಾನೆ.

"ಎಷ್ಟಾಯ್ತು ಮೇಸ್ತ್ರಿ? ಯಾವ ಪಾರ್ಟ್ ಹಾಕಿದ್ರಿ?"

ಕಿವಿಯ ಮೇಲಿದ್ದ ಬೀಡಿಯನ್ನು ಕೊನೆಗೂ ಹಚ್ಚಿಕೊಂಡು, ಮೇಸ್ತ್ರಿ ಪ್ಲಾಸ್ಟಿಕ್ ಚೀಲವನ್ನು ಅವನ ಕೈಗೇ ವಾಪಸ್ ಕೊಡುತ್ತಾರೆ.

"ನಿಂದೇ ಪಾರ್ಟು, ನಿಂಗೇ ಹಾಕಿದ್ದೀನಿ. ಅದ್ಕೆ ಕಾಸಿಲ್ಲ. ಹಳೇ ಕಾಯಿಲ್ ಚೆನ್ನಾಗದೆ, ಮಡಿಕ್ಕೊ. ನಂಗೆ ಕೂಲಿ ಕೊಡು."